ಹೆಸರಿಲ್ಲದ ಅಲಗು

"ಅದನ್ನ ಒತ್ತಬೇಡಿ" ಎಂದು ಬೆನ್ನ ಹಿಂದಿನಿಂದ ದನಿ ಬಂದಾಗ ಡ್ರೈವಿಂಗ್ ಮೇಷ್ಟರ ಹೆಬ್ಬೆರಳು ಮೊಬೈಲಿನಲ್ಲಿ ಕೊಳ್ಳುವ ಗುಂಡಿಗೆ ಇನ್ನೇನು ತಾಗುವುದರಲ್ಲಿತ್ತು. ತಿರುಗಿ ನೋಡಿದರೆ ಅತ್ತೆ. ಮೇಷ್ಟರು ಅಭ್ಯಾಸಬಲದಿಂದ ದಡಕ್ಕನೆ ಎದ್ದರು. ಎದ್ದ ರಭಸಕ್ಕೆ ಮೊಬೈಲು ಕೈಜಾರಿ ಸೋಫಾದ ಸಂದಿಗೆ ಬಿತ್ತು. ಅತ್ತೆಯೇ ಬಗ್ಗಿ ಅದನ್ನು ಎತ್ತಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡತೊಡಗಿದರು. ಪರದೆಯ ಮೇಲೆ ಒಂದು ಉದ್ದನೆಯ ಜಪಾನಿ ಕತ್ತಿ. ಹಿಡಿಗೆ ಕೆಂಪು ರೇಷ್ಮೆ ಸುತ್ತಿತ್ತು, ಒರೆಯ ತುಂಬ ಚಿನ್ನದ ಬಣ್ಣದ ಹಾವಿನಂಥ ಪ್ರಾಣಿ ಹರಿದಾಡುತ್ತಿತ್ತು.

ಅತ್ತೆ, ಅಳಿಯ ಇಷ್ಟು ಹತ್ತಿರ ನಿಂತಿದ್ದು ಆ ಮನೆಯಲ್ಲಿ ಅದೇ ಮೊದಲು. ಮಾವ ತೀರಿಕೊಂಡ ಮೇಲೆ ಅತ್ತೆ ಇವರ ಜತೆ ಇರಲು ಬಂದು ವರ್ಷದ ಮೇಲಾಗಿತ್ತು. ಜಗಳವೇನೂ ಇರಲಿಲ್ಲ. ಜಗಳವಾದರೂ ಆಗಿದ್ದರೆ ಆ ನೆಪದಲ್ಲಿ ಮಾತು ಹುಟ್ಟುತ್ತಿತ್ತೇನೋ. ಇದ್ದದ್ದು ಬರೀ ಮರ್ಯಾದೆ. ಅತ್ತೆ ಹಾಲಿಗೆ ಬಂದರೆ ಮೇಷ್ಟರು ಎದ್ದು ನಿಲ್ಲುವರು, ಟೀವಿಯ ಸದ್ದು ತಗ್ಗಿಸುವರು, ಊಟವಾಯಿತೇ ಎಂದು ಕೇಳಿ, ಕಾರಿನ ಟೈರು ನೋಡುವ ನೆಪದಲ್ಲಿ ಹೊರಗೆ ಹೋಗಿಬಿಡುವರು. ಅಳಿಯ ಪಾಪ ಪ್ರತಿಸಲ ಏಳಬೇಕಲ್ಲ ಎಂದು ಅತ್ತೆ ಹಾಲಿಗೆ ಬರುವುದನ್ನೇ ಕಮ್ಮಿ ಮಾಡಿದ್ದರು. ಇಲ್ಲಿದ್ದರೆ ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂತ ಹಾಗಾಗುತ್ತೆ, ಬೇಸಿಗೆ ಕಳೆದ ಮೇಲೆ ದೊಡ್ಡ ಮಗಳ ಮನೆಗೆ ಹೋಗಿ ಅಲ್ಲೇ ಇದ್ದುಬಿಡುತ್ತೇನೆ ಎಂದು ಚಿಕ್ಕಮಗಳಿಗೆ ಹೇಳಿದ್ದರು. ಅಲ್ಲಿ ಒಂದು ರೂಮನ್ನು ಅವರಿಗಾಗಿ ಖಾಲಿ ಮಾಡಿಸಿದ್ದೂ ಆಗಿತ್ತು. ನರ್ಸ್ ಆಗಿದ್ದ ಚಿಕ್ಕಮಗಳು, ಅಂದರೆ ಮೇಷ್ಟರ ಹೆಂಡತಿ, ಅಮ್ಮನಿಗೆ ಹೋಗಬೇಡ ಎನ್ನಲಾರದೆ, ಗಂಡನನ್ನು ದೂರಲಾರದೆ ಎಲ್ಲವನ್ನೂ ಒಳಗೇ ನುಂಗಿಕೊಂಡಿದ್ದಳು.

ಮೇಷ್ಟರದು ಮೊದಲಿನಿಂದಲೂ ಅಳುಕಿನ ಸ್ವಭಾವ. ಕಲಿಯುವವರ ಪಕ್ಕ ಕೂತು, ತಮ್ಮ ಕಾಲ ಕೆಳಗಿನ ಹೆಚ್ಚುವರಿ ಬ್ರೇಕನ್ನು ಇಡೀ ದಿನ ಒತ್ತಿ ಒತ್ತಿ, ಬದುಕಿನಲ್ಲೂ ಅದೇ ಅಭ್ಯಾಸವಾಗಿತ್ತು. ಒಂದು ಅಂಗಿ ಕೊಳ್ಳುವುದಕ್ಕೂ ನಾಲ್ಕು ಜನರನ್ನು ಕೇಳುವ ಮನುಷ್ಯ. ಗೆಳೆಯರು ಅವರನ್ನು ಕರೆಯುತ್ತಿದ್ದದ್ದೇ ಬ್ರೇಕ್ ಮೇಷ್ಟರು ಎಂದು. ಅಂಥವರಿಗೆ ಈ ಹುಚ್ಚು ಹತ್ತಿದ್ದು ಒಂದು ಪರೀಕ್ಷೆಯ ದಿನ. ಲೈಸೆನ್ಸ್ ಪರೀಕ್ಷೆಗೆ ಹೋದ ಶಿಷ್ಯೆ ಬರುವುದು ತಡವಾಯಿತೆಂದು, ಬಿಸಿಲು ತಾಳಲಾರದೆ ಎದುರಿನ ವಸ್ತುಸಂಗ್ರಹಾಲಯವನ್ನು ಹೊಕ್ಕಿದ್ದರು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಒಂದು ಹಳೆಯ ಜಪಾನಿ ಕತ್ತಿ ಮಲಗಿತ್ತು. ಕತ್ತಿಯೆಂದರೆ ಹೊಡೆದಾಟ ಎಂದಷ್ಟೇ ತಿಳಿದಿದ್ದ ಮೇಷ್ಟರು ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಆಗ ಅಲಗಿನ ಅಂಚಿನುದ್ದಕ್ಕೂ ಬೆಳ್ಳಗೆ, ಮಂಜು ಇಳಿದಂತೆ ಒಂದು ಅಲೆಯ ಗೆರೆ ಎದ್ದು ಬಂತು. ಹಿಂದೆ ಸರಿದರೆ ಮಾಯವಾಯಿತು. ಮುಂದೆ ಬಂದರೆ ಮತ್ತೆ ಬಂತು. ಕಬ್ಬಿಣದೊಳಗೆ ಇಂಥದ್ದನ್ನು ಯಾರು ಬರೆದರು ಎಂದು ಮೇಷ್ಟರು ಆಚೆ ಈಚೆ ತೂಗಾಡುತ್ತ ನಿಂತೇಬಿಟ್ಟರು. ಕಾವಲುಗಾರ ಅನುಮಾನದಿಂದ ಕೆಮ್ಮಿದ. ಹೊರಗೆ ಪಾಸಾದ ಶಿಷ್ಯೆ ಇವರನ್ನು ಹುಡುಕಿ ಹುಡುಕಿ ಸೋತಿದ್ದಳು.

ಅಂದಿನಿಂದ ಸಂಜೆಯ ಹೊತ್ತೆಲ್ಲ ಮೊಬೈಲಿನಲ್ಲಿ ಅದೇ ಕೆಲಸ. ಕತ್ತಿಗಳನ್ನು ಮಾರುವ ತಾಣಗಳು ಎಷ್ಟೋ ಇದ್ದವು. ಮನೆಯಲ್ಲಿ ಇಟ್ಟುಕೊಳ್ಳಬಹುದೇ ಎಂದು ಪೊಲೀಸ್ ಠಾಣೆಗೆ ಹೋಗಿ ವಿಚಾರಿಸಿ, ಬೇಕಾದ ಅನುಮತಿಯನ್ನೂ ಪಡೆದಿದ್ದರು. ಮನೆಯವರಿಗೆ ಮಾತ್ರ ಹೇಳಿರಲಿಲ್ಲ. ಕೊನೆಗೆ ಈ ಕೆಂಪು ಹಿಡಿಯ ಕತ್ತಿ ಕಣ್ಣಿಗೆ ಬಿದ್ದು, ಜೀವಮಾನದಲ್ಲೇ ಮೊದಲ ಸಲ ಯಾರನ್ನೂ ಕೇಳದೆ ಏನನ್ನಾದರೂ ಕೊಳ್ಳುವ ಧೈರ್ಯ ಮಾಡಿದ್ದರು.

"ಇಲ್ಲಿ ಏನು ಬರೆದಿದಾನೆ ಓದಿದ್ರಾ?" ಎಂದರು ಅತ್ತೆ.

"ಓದಿದೆ ಅತ್ತೆ. ಹಳೇ ಕಾಲದ್ದು ಅಂತ ಇದೆ."

"ಹಳೇ ಕಾಲದ್ದು ಅಂತ ಇಲ್ಲ. ಹಳೇ ಕಾಲದ ಶೈಲೀದು ಅಂತ ಇದೆ. ಯೋಧರ ಮನೆತನದಿಂದ ಬಂದಿದ್ದು ಎಂದು ಹೇಳಲಾಗಿದೆ, ಅಂತೆ. ಹೇಳಿದ್ದು ಯಾರು? ಇವನಲ್ಲ. ನಾಳೆ ನೀವು ಹೋಗಿ ಕೇಳಿದ್ರೆ, ನಾನೆಲ್ಲಿ ಹೇಳಿದೆ ಸ್ವಾಮಿ ಅಂತಾನೆ."

ಅತ್ತೆ ನ್ಯಾಯಾಲಯದಲ್ಲಿ ಟೈಪಿಸ್ಟ್ ಆಗಿದ್ದವರು. ಸಾಕ್ಷಿಗಳು ಹೇಳಿದ್ದನ್ನು ನಿವೃತ್ತಿಯಾಗುವವರೆಗೂ ಟೈಪ್ ಮಾಡಿದವರು. ನುಣುಚಿಕೊಳ್ಳುವ ಮಾತು ಯಾವುದು ಎಂದು ಅವರ ಬೆರಳುಗಳಿಗೇ ಗೊತ್ತಾಗುತ್ತಿತ್ತು. ಮೇಷ್ಟರ ಮುಖ ಸಪ್ಪಗಾಯಿತು. ಅತ್ತೆಗೂ ಅಯ್ಯೋ ಅನಿಸಿರಬೇಕು. ಬೇರೆ ಯಾವುದಾದರೂ ತೋರಿಸಿ ನೋಡೋಣ ಎಂದು ಸೋಫಾದ ಇನ್ನೊಂದು ತುದಿಯಲ್ಲಿ ಕೂತರು.

ಹಾಗೆ ಶುರುವಾಯಿತು. ಮೇಷ್ಟರು ಪಾಠದಿಂದ ಬರುವಷ್ಟರಲ್ಲಿ ಅತ್ತೆ ಹಾಲಿನಲ್ಲಿ ಕಾದಿರುತ್ತಿದ್ದರು. ಅಲಗನ್ನು ನೋಡುವುದು ಮೇಷ್ಟರ ಪಾಲು, ಬರಹವನ್ನು ಜರಡಿ ಹಿಡಿಯುವುದು ಅತ್ತೆಯ ಪಾಲು. ಒರೆ, ಹಿಡಿಗಳ ಅಲಂಕಾರಕ್ಕೆ ಮರುಳಾಗಬಾರದು, ಕೊಳ್ಳಬೇಕಾದ್ದು ಅಲಗನ್ನು ಎಂದು ಇಬ್ಬರೂ ಕಲಿತರು. ಹಿಡಿಯೊಳಗೆ ಅಡಗಿರುವ ಬುಡದ ತುಕ್ಕೇ ಕತ್ತಿಯ ವಯಸ್ಸು ಹೇಳುತ್ತದೆ, ಅದನ್ನು ಉಜ್ಜಿ ಹೊಳಪು ಮಾಡಿದವನು ಕತ್ತಿಯನ್ನೇ ಕೆಡಿಸಿದ ಹಾಗೆ ಎಂದು ಗೊತ್ತಾದಾಗ ಅತ್ತೆಗೆ ಬಹಳ ಸಮಾಧಾನವಾಯಿತು. ಹಾಗಾದರೆ ಮುಖಕ್ಕೆ ಕ್ರೀಮ್ ಹಚ್ಚು ಅಂತ ನಿಮ್ಮ ಹೆಂಡತಿ ನನ್ನ ಪ್ರಾಣ ತಿನ್ನೋದು ತಪ್ಪು ಎಂದರು. ಮೇಷ್ಟರು ಜೋರಾಗಿ ನಕ್ಕರು. ಅತ್ತೆಯೆದುರು ಹಾಗೆ ನಕ್ಕಿದ್ದು ಆಮೇಲೆ ನೆನಪಾಗಿ ತಮಗೇ ಆಶ್ಚರ್ಯವಾಯಿತು. ಇನ್ನೊಂದು ಸಂಜೆ ಅತ್ತೆ ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ಕೂತರೂ ಮೇಷ್ಟರು ಏಳಲೇ ಇಲ್ಲ. "ಇಲ್ಲಿ ನೋಡಿ ಅತ್ತೆ" ಎಂದು ತಲೆಯೆತ್ತದೆ ಮೊಬೈಲನ್ನು ಅತ್ತ ಚಾಚಿದರು.

ಅಂದು ಅವರು ತೋರಿಸಿದ್ದು ಒಂದು ಗಿಡ್ಡ ಕತ್ತಿ, ಯೋಧರು ಉದ್ದ ಕತ್ತಿಯ ಜೊತೆಗೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಂಥದ್ದು. ಬಣ್ಣವಿಲ್ಲದ ಮರದ ಒರೆ. ನೋಡಿದರೆ ಲಟ್ಟಣಿಗೆಯಷ್ಟು ಸಾದಾ. ಜಪಾನಿನ ಯಾವುದೋ ಸಣ್ಣ ಊರಿನ ಅಂಗಡಿಯವನು ಮಾರಾಟಕ್ಕಿಟ್ಟಿದ್ದ. ಬುಡದ ಫೋಟೋ ಕಳಿಸಿ ಎಂದು ಮೇಷ್ಟರು ಬರೆದರೆ ಅವನು ಫೋಟೋಗಳ ಜೊತೆಗೆ ಕತ್ತಿಯ ಕುಂದುಗಳನ್ನೂ ಬರೆದಿದ್ದ. ಮಾಡಿದವನ ಹೆಸರಿಲ್ಲ. ತುದಿಯ ಹತ್ತಿರ ಸೂಜಿಮೊನೆಯಷ್ಟು ಗುಳಿ ಇದೆ. ಒಂದು ಕಡೆ ಉಕ್ಕಿನ ಪದರ ಬಾಯಿಬಿಟ್ಟಿದೆ. ಮೊದಲ ಸಲ ಕೊಳ್ಳುವವರಾದರೆ ಇದನ್ನೆಲ್ಲ ಯೋಚಿಸಿ ಕೊಳ್ಳಿ, ಅವಸರವಿಲ್ಲ.

ಅತ್ತೆ ಅದನ್ನು ಮತ್ತೆ ಮತ್ತೆ ಓದಿದರು. ಎಷ್ಟೋ ಸಾಕ್ಷಿಗಳ ಮಾತು ಕೇಳಿದ್ದೀನಿ, ಇವನ ಹಾಗೆ ತನಗೆ ನಷ್ಟವಾಗುವ ಮಾತನ್ನು ಕೇಳದೆ ಹೇಳಿದವರು ಕಮ್ಮಿ ಎಂದರು. ಮೇಷ್ಟರ ಕಣ್ಣು ಆಗಲೇ ಆ ಫೋಟೋದಲ್ಲಿ ನೆಟ್ಟಿತ್ತು. ಅಂಚಿನ ಗೆರೆ ಅಲ್ಲೂ ಇತ್ತು. ಆದರೆ ಹೆಬ್ಬೆರಳು ಏಳಲಿಲ್ಲ. ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು.

"ಕಾಲು ತೆಗೀರಿ" ಎಂದರು ಅತ್ತೆ.

ಆದರೂ ಹೆಂಡತಿಗೆ ಹೇಳದೆ ಕೊಳ್ಳಲು ಮೇಷ್ಟರಿಗೆ ಮನಸ್ಸು ಬರಲಿಲ್ಲ. ಊಟಕ್ಕೆ ಕೂತಾಗ ವಿಷಯ ತೆಗೆದರು. ಹೆಂಡತಿ ಮೊದಲು ತಮಾಷೆಯೆಂದುಕೊಂಡಳು. ಆಮೇಲೆ, ತರಕಾರಿ ಹೆಚ್ಚೋ ಚಾಕು ಮೊಂಡಾಗಿದೆ ಅಂತ ಹೇಳಿ ಹೇಳಿ ಸಾಕಾಯ್ತು, ಅದನ್ನ ಬಿಟ್ಟು ಇದು ಬೇಕಿತ್ತಾ ಎಂದು ತರಾಟೆಗೆ ತೆಗೆದುಕೊಂಡಳು. ಮೇಷ್ಟರು ಉಕ್ಕಿನ ಪದರಗಳ ಬಗ್ಗೆ ಹೇಳತೊಡಗಿದರು. ನಡುವೆ ತಡವರಿಸಿದರೆ ಅತ್ತೆ ಮುಂದುವರಿಸಿದರು. ಅತ್ತೆ ಹೇಳಿದ್ದನ್ನು ಮೇಷ್ಟರು ತಿದ್ದಿದರು, ತಿದ್ದಿದ್ದು ತಪ್ಪೆಂದು ಅತ್ತೆ ವಾದಕ್ಕಿಳಿದರು. ಹೆಂಡತಿ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಒಮ್ಮೆ ಅಮ್ಮನನ್ನು, ಒಮ್ಮೆ ಗಂಡನನ್ನು ನೋಡಿದಳು. ಆಮೇಲೆ ಎದ್ದು ನೀರು ತರಲು ಹೋದಳು. ತುಂಬಿದ ಜಗ್ಗು ಮೇಜಿನ ಮೇಲೇ ಇತ್ತು.

ಒಳಗಿನಿಂದಲೇ ಅವಳ ದನಿ ಬಂತು. "ತಗೊಳ್ಳಿ ರೀ. ಬೇಗ ತಗೊಳ್ಳಿ."

ಕೊಂಡದ್ದೇನೋ ಆಯಿತು, ಬರುವುದು ಅಷ್ಟು ಸುಲಭವಿರಲಿಲ್ಲ. ಹಳೆಯ ಕತ್ತಿ ಆ ದೇಶ ಬಿಡಬೇಕಾದರೆ ಅಲ್ಲಿನವರ ಒಪ್ಪಿಗೆ ಬೇಕು. ಬೇಸಿಗೆ ಕಳೆಯಿತು. ದೊಡ್ಡ ಮಗಳು ಫೋನ್ ಮಾಡಿ ಯಾವಾಗ ಬರ್ತೀಯಮ್ಮ ಎಂದು ಕೇಳಿದಾಗಲೆಲ್ಲ ಅತ್ತೆ, ಒಂದು ಸಾಮಾನು ಬರೋದಿದೆ, ನೋಡಿಕೊಂಡು ಬರ್ತೀನಿ ಎನ್ನುತ್ತಿದ್ದರು. ಅದು ಬಂದಮೇಲೆ ಇವರು ಹೊರಟುಬಿಡುತ್ತಾರಲ್ಲ ಎಂದು ಮೇಷ್ಟರಿಗೆ ಒಂದು ದಿನ ಪಾಠದ ನಡುವೆ ಹೊಳೆಯಿತು. ಹೊಳೆದದ್ದೇ ಯಾವ ಕಾರಣವೂ ಇಲ್ಲದೆ ಬ್ರೇಕ್ ಒತ್ತಿಬಿಟ್ಟರು. ಕಲಿಯುತ್ತಿದ್ದವನು ತನ್ನಿಂದ ಏನು ತಪ್ಪಾಯಿತೆಂದು ತಿಳಿಯದೆ ಕ್ಷಮೆ ಕೇಳಿದ.

ಕೊನೆಗೆ ಸುಂಕದ ಕಚೇರಿಯಿಂದ ಕರೆ ಬಂತು. ಒಬ್ಬರೇ ಹೋದರೆ ತಡವರಿಸ್ತೀರಿ ಎಂದು ಅತ್ತೆಯೂ ಹೊರಟರು. ನೆತ್ತಿಯ ಮೇಲೆ ಬೋರ್ಡು ಹೊತ್ತ ಪಾಠದ ಕಾರಿನಲ್ಲೇ ಇಬ್ಬರೂ ಹೋದರು. ಅಧಿಕಾರಿ ಉದ್ದನೆಯ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು, ಅನುಮತಿ ನೋಡಿ, ಇದು ಯಾರದ್ದು ಎಂದು ಕೇಳಿದ.

"ನಮ್ಮದು" ಎಂದರು ಇಬ್ಬರೂ ಒಟ್ಟಿಗೆ.

"ನೀವು ಏನಾಗಬೇಕು ಇವರಿಗೆ?"

"ಇವರು ನಮ್ಮ ಅಳಿಯ" ಎಂದರು ಅತ್ತೆ.

ಅಧಿಕಾರಿ ಪೆನ್ನು ಕೆಳಗಿಟ್ಟ. ಅತ್ತೆ ಅಳಿಯ ಸೇರಿ ಕತ್ತಿ ತರಿಸಿಕೊಂಡಿದ್ದನ್ನ ಇದೇ ಮೊದಲು ನೋಡ್ತಿರೋದು ಎಂದು ಪಕ್ಕದ ಮೇಜಿನವನಿಗೂ ಕೇಳುವಂತೆ ಹೇಳಿ, ನಗುತ್ತಲೇ ಸಹಿ ಹಾಕಿಕೊಟ್ಟ.

ವಾಪಸು ಬರುವಾಗ ಪೆಟ್ಟಿಗೆ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಕೂತಿತ್ತು. ಮೇಷ್ಟರು ಮೂರು ತಿರುವು ದಾಟುವವರೆಗೂ ಮಾತು ಜೋಡಿಸಿದರು.

"ಅತ್ತೆ, ಅದಕ್ಕೆ ಆಗಾಗ ಹಳೇ ಎಣ್ಣೆ ಒರೆಸಿ ಹೊಸದು ಹಚ್ಚಬೇಕಂತೆ. ನನಗೊಬ್ಬನಿಗೇ ಆಗಲ್ಲ."

ಅತ್ತೆ ಚೀಲದಿಂದ ಫೋನ್ ತೆಗೆದು ದೊಡ್ಡ ಮಗಳಿಗೆ ಹಚ್ಚಿದರು. ಆ ರೂಮನ್ನ ಸುಮ್ಮನೆ ಖಾಲಿ ಇಡಬೇಡ, ಮಕ್ಕಳಿಗೆ ಓದಿಕೊಳ್ಳೋಕೆ ಕೊಡು, ರಜೆಯಲ್ಲಿ ಬಂದಾಗ ಅವರ ಜೊತೇಲೇ ಮಲಗ್ತೀನಿ ಎಂದರು. ಆ ಕಡೆಯಿಂದ ಏನೋ ಪ್ರಶ್ನೆ ಬಂದಿರಬೇಕು. "ಇಲ್ಲಿ ನನಗೆ ಕೆಲಸ ಇದೆ ಕಣೇ" ಎಂದು ಹೇಳಿ ಫೋನ್ ಇಟ್ಟರು. ಖಾಲಿ ರಸ್ತೆಯಲ್ಲಿ ಮೇಷ್ಟರು ಅಷ್ಟು ವೇಗವಾಗಿ ಕಾರು ಓಡಿಸಿದ್ದನ್ನು ಯಾವ ಶಿಷ್ಯರೂ ನೋಡಿರಲಿಲ್ಲ.

ಹೆಂಡತಿ ಆಸ್ಪತ್ರೆಯ ಸಮವಸ್ತ್ರ ಕೂಡ ಬದಲಿಸದೆ ಕಾಯುತ್ತಿದ್ದಳು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದರು. ಅಲಗಿಗೆ ಉಸಿರಿನ ತೇವ ತಾಗಬಾರದೆಂದು ಅಂಗಡಿಯವನು ಬರೆದಿದ್ದ. ಜಪಾನಿನಲ್ಲಿ ಅದಕ್ಕೆ ಮಡಿಸಿದ ಕಾಗದವೊಂದನ್ನು ತುಟಿಗಳ ನಡುವೆ ಹಿಡಿಯುತ್ತಾರಂತೆ. ಅತ್ತೆ ಮೂರು ಚೂರು ಕಾಗದ ಮಡಿಸಿ ಒಂದನ್ನು ಮಗಳಿಗೆ, ಒಂದನ್ನು ಅಳಿಯನಿಗೆ ಕೊಟ್ಟು, ಕೊನೆಯದನ್ನು ತಾವು ಕಚ್ಚಿಕೊಂಡರು. ಬಾಯಿ ಕಟ್ಟಿಕೊಂಡ ತಾಯಿಯನ್ನು ನೋಡಿ ಮಗಳಿಗೆ ನಗು ತಡೆಯಲಾಗಲಿಲ್ಲ. ಭುಜಗಳು ಕುಣಿದವು, ಕಾಗದ ಮಾತ್ರ ಬೀಳಲಿಲ್ಲ.

ಮೇಷ್ಟರು ಒರೆಯಿಂದ ಅಲಗನ್ನು ನಿಧಾನವಾಗಿ, ಕೂದಲೆಳೆಯಷ್ಟೂ ಅಲುಗಿಸದೆ ಎಳೆದರು. ಫೋಟೋದಲ್ಲಿ ಕಂಡದ್ದಕ್ಕಿಂತ ಕಪ್ಪಾಗಿತ್ತು, ಸಣ್ಣದಾಗಿತ್ತು. ಆ ಕಡೆ ಈ ಕಡೆ ತಿರುಗಿಸಿದರು. ಬರೀ ಉಕ್ಕು. ಅಲೆಯ ಗೆರೆ ಎಲ್ಲೂ ಕಾಣಲಿಲ್ಲ. ಆಗ ಅತ್ತೆ ಪಕ್ಕಕ್ಕೆ ಬಂದು, ಅಳಿಯನ ಮಣಿಕಟ್ಟನ್ನು ಎರಡು ಬೆರಳಿನಿಂದ ಹಿಡಿದು, ಕಿಟಕಿಯತ್ತ ಒಂದಿಷ್ಟೇ ಹೊರಳಿಸಿದರು. ಸಂಜೆಯ ಬೆಳಕು ಅಲಗಿನ ಮೇಲೆ ಹಿಡಿಯ ಪಕ್ಕದಲ್ಲಿ ಬಿದ್ದು, ಅಂಚಿನ ಬಿಳಿ ಅಲೆಯನ್ನು ಎಬ್ಬಿಸುತ್ತ, ಅವಸರವಿಲ್ಲದೆ ತುದಿಯವರೆಗೂ ಹೋಯಿತು.