ಕಿವಿ ಮುಟ್ಟಿದ ಕೈ

ದುರಗಪ್ಪ ಕುಷ್ಟಗಿಯ ಮನೆಗೆ ಇನ್ನೊಬ್ಬಳನ್ನು ತಂದುಕೊಂಡ ಮೇಲೆ ಪಾರಮ್ಮ ಹಾಲುಗೂಸು ಹುಲಿಗೆವ್ವನನ್ನು ಬಗಲಲ್ಲಿ ಹೊತ್ತು ಕಾರಟಗಿಗೆ ಬಂದು, ಭತ್ತದ ನಾಟಿಗೆ ನಿಂತಳು. ಕೂಸು ಸತ್ತಿತೋ ಬದುಕಿತೋ ಎಂದು ಕೇಳದಿದ್ದವನಿಗೆ, ಎರಡನೆಯವಳು ಹೆರುವುದಿಲ್ಲವೆಂದು ಗೊತ್ತಾದದ್ದೇ ತಡ, ಕರುಳು ಉಕ್ಕಿ ಬಂತು. ಎಂಥಾ ಕರುಳೋ! ಮಗಳು ತನಗೆ ಬೇಕೆಂದು ಎಪ್ಪತ್ತೆಂಟನೇ ಇಸವಿಯಲ್ಲಿ ಕೋರ್ಟಿಗೆ ಹೋದ.

ಪಾರಮ್ಮನ ವಕೀಲ ಕರಿಬಸಪ್ಪ ಧೈರ್ಯ ತುಂಬಿದ್ದರು.

"ಐದು ತುಂಬೂತನಕ ಕೂಸು ತಾಯಿ ಹತ್ರ ಇರಬೇಕಂತ ಕಾಯ್ದೆ ಐತಿ. ನಿನ್ನ ಮಗಳಿಗಿನ್ನೂ ನಾಲ್ಕು. ಅಂಜಬ್ಯಾಡ."

ಆದರೆ ದುರಗಪ್ಪನ ವಕೀಲರು ಸಾಲಿಯ ದಾಖಲೆ ತಂದು ಮುಂದಿಟ್ಟರು. ಅದರಲ್ಲಿ ಹುಲಿಗೆವ್ವನಿಗೆ ಆರು ತುಂಬಿತ್ತು.

ಅದು ಪಾರಮ್ಮನೇ ತೋಡಿದ ಗುಂಡಿ. ಹುಟ್ಟಿದ ತಾರೀಖು ಯಾರ ಮನೆಯಲ್ಲಿತ್ತು? ಬಲಗೈ ತಲೆಯ ಮೇಲಿಂದ ಹಾದು ಎಡಗಿವಿ ಮುಟ್ಟಿದರೆ ಆರು ವರ್ಷ, ಸಾಲಿಗೆ ಸೇರಿಸಿಕೋ. ಮಾಸ್ತರರ ಲೆಕ್ಕ ಅಷ್ಟೇ. ಕೂಸನ್ನು ಬದುವಿನ ಮೇಲೆ ಬಿಟ್ಟರೆ ಕಾಲುವೆಯ ಭಯ, ಸಾಲಿಯಲ್ಲಿ ಕೂತರೆ ನೆಮ್ಮದಿ. ಕೈಯೇನೋ ನಿಲುಕುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಲೇ ಪಾರಮ್ಮ ಕಲಿಸಿದಳು, ಕುತ್ತಿಗೆ ವಾಲಿಸಬೇಕು, ಭುಜ ಎತ್ತಬೇಕು. ಮುಟ್ಟಿದಾಗಲೆಲ್ಲ ಬಾಯಿಗೊಂದು ಚೂರು ಬೆಲ್ಲ. ಮಾಸ್ತರರು ನಕ್ಕು ಆರು ಎಂದು ಬರೆದುಕೊಂಡಿದ್ದರು.

ಅವಳು ಕೋರ್ಟಿನಲ್ಲಿ ಕೈ ಮುಗಿದಳು.

"ವಯಸ್ಸು ನಾನ ಸುಳ್ಳು ಬರಿಸೀನ್ರಿ ಸಾಹೇಬ್ರ. ಆಕಿ ಕೈ ಇನ್ನೂ ಕಿವಿಗೆ ನಿಲುಕೂದಿಲ್ರಿ. ಬೇಕಾದ್ರ ನೋಡ್ರಿ."

ಜಡ್ಜ್ ಸಾಹೇಬರು ಕೆಟ್ಟವರಲ್ಲ. ಕೂಸನ್ನು ಹತ್ತಿರ ಕರೆದು, ಕಿವಿ ಮುಟ್ಟು ನೋಡೋಣ ಎಂದರು.

ಕರಿ ಕೋಟುಗಳ ನಡುವೆ ಹೆದರಿ ನಿಂತಿದ್ದ ಹುಲಿಗೆವ್ವನಿಗೆ ಕಡೆಗೂ ತನಗೆ ಬರುವ ಒಂದು ಮಾತು ಕೇಳಿಸಿತು. ಪಾರಮ್ಮ ಬೇಡ ಬೇಡವೆಂದು ತಲೆಯಾಡಿಸಿದಳು. ಕೂಸು ಅದನ್ನು ಕುತ್ತಿಗೆ ವಾಲಿಸು ಎಂದೇ ತಿಳಿಯಿತು. ಕುತ್ತಿಗೆ ವಾಲಿತು, ಭುಜ ಎದ್ದಿತು, ಬೆರಳ ತುದಿ ಕಿವಿಯ ಮೇಲೆ ಕೂತಿತು.

ದಾಖಲೆಯೂ ಅದನ್ನೇ ಹೇಳುತ್ತದೆ ಎಂದರು ಜಡ್ಜ್ ಸಾಹೇಬರು. ಮಗಳು ತಂದೆಯ ಪಾಲಾದಳು.

ವರಾಂಡದಲ್ಲಿ ದುರಗಪ್ಪ ಕೂಸಿನ ರಟ್ಟೆ ಹಿಡಿದು ನಡೆದ. ಹುಲಿಗೆವ್ವ ಹಿಂದಕ್ಕೆ ತಿರುಗಿ ಇನ್ನೊಂದು ಅಂಗೈಯನ್ನು ಅವ್ವನತ್ತ ಚಾಚಿದಳು.

"ಯವ್ವಾ, ಮುಟ್ಟೀನಿ. ಬೆಲ್ಲ ಕೊಡು."