ನೆಲಕ್ಕೂರದ ಹಿಮ್ಮಡಿ

ಅಂಗಳಕ್ಕೆ ಹೊತ್ತು ಹಾಕಿದ್ದ ಕುರ್ಚಿಗಳನ್ನು ಮಗಳು ಬಿಸಿಲು ಬಂತೆಂದು ಮತ್ತೆ ಗೋಡೆಯ ನೆರಳಿಗೆ ಎಳೆಯತೊಡಗಿದಳು. ಒಳಗೆ ಅಪ್ಪ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಬೆಳಗಿನಿಂದ ಅವಳು ಆ ಕಡೆ ತಿರುಗಿಯೂ ನೋಡಿರಲಿಲ್ಲ.

"ಒಂದು ಕಡೆ ಕೂತ್ಕೊಳ್ಳೇ ತಾಯಿ," ಎಂದ ಎಡಚ ಮಾವ. ಅಪ್ಪನ ಜೊತೆ ಬಸ್ ಗ್ಯಾರೇಜಿನಲ್ಲಿ ಬ್ರೇಕ್ ರಿಪೇರಿ ಮಾಡಿದವನು. ಗ್ಯಾರೇಜಿನ ಫುಟ್‌ಬಾಲ್ ತಂಡದಲ್ಲಿ ಎಡಬದಿಯಿಂದ ಅಪ್ಪನಿಗೆ ಚೆಂಡು ಒದಗಿಸಿದವನು. "ನಿಮ್ಮಪ್ಪ ನಿಂತಲ್ಲೇ ನಿಲ್ಲೋನು, ನೀನು ನಿಲ್ಲಲಾರದವಳು. ಎಲ್ಲಿಂದೆಲ್ಲಿಗೆ ಸಂಬಂಧ!"

ನೆರೆದವರು ಸಣ್ಣಗೆ ನಕ್ಕರು. ಗ್ಯಾರೇಜಿನಲ್ಲಿ ಅಪ್ಪನ ಹೆಸರೇ ಗೂಟ. ಎದುರಾಳಿಯ ಗೋಲಿನ ಹತ್ತಿರ ನಿಂತುಬಿಟ್ಟರೆ ಆಯಿತು. ಚೆಂಡು ಬಂದರೆ ಒಂದು ಒದೆತ, ಬಾರದಿದ್ದರೆ ಅದೂ ಇಲ್ಲ.

ಫೋನ್ ಮತ್ತೆ ಬಡಿದುಕೊಂಡಿತು. ಅವಳು ತರಬೇತಿ ಕೊಡುವ ಹುಡುಗಿಯರ ತಂಡಕ್ಕೆ ಸಂಜೆ ಫೈನಲ್.

"ಅಕ್ಕಾ, ನೀವು ಬರೋದೇನೂ ಬೇಡ. ಮುಂದಿನ ಸಾಲಲ್ಲಿ ಯಾರನ್ನ ಆಡಿಸ್ಲಿ, ಅಷ್ಟು ಹೇಳಿ," ಎಂದಳು ಸಹಾಯಕಿ.

"ಆಮೇಲೆ ಹೇಳ್ತೀನಿ."

*

ಹೋದ ಭಾನುವಾರ ಊಟದ ಮೇಜಿನ ಮೇಲೆ ಅಪ್ಪ ಲೋಟಗಳನ್ನು ಆಟಗಾರರಂತೆ ಜೋಡಿಸಿದ್ದ. ಉಪ್ಪಿನ ಡಬ್ಬಿ ಮಾತ್ರ ದೂರದಲ್ಲಿ ಒಂಟಿಯಾಗಿತ್ತು.

"ಬೇಕರಿಯವರ ಹುಡುಗೀನ ಯಾಕೆ ಹೊರಗೆ ಕೂರಿಸಿದೆ?"

"ಅವಳು ಓಡಲ್ಲಪ್ಪಾ. ಚೆಂಡು ಕಳ್ಕೊಂಡ್ರೆ ಎಲ್ಲರೂ ಬೆನ್ನಟ್ಟಬೇಕು. ಈಗಿನ ಆಟ ಹಾಗೆ."

"ಎಲ್ಲರೂ ಬೆನ್ನಟ್ಟಿ ಹೋದ್ರೆ, ಚೆಂಡು ಬಂದಾಗ ಅಲ್ಲಿ ಯಾರಿರ್ತಾರೆ?" ಅಪ್ಪ ಉಪ್ಪಿನ ಡಬ್ಬಿಯನ್ನು ಮುಟ್ಟಿದ. "ಚೆಂಡು ಕಳಿಸೋದು ದೇವರಿಷ್ಟ. ಎಚ್ಚರವಾಗಿರೋದು ನಮ್ಮ ಕೆಲಸ."

"ಸುಮ್ಮನೆ ನಿಲ್ಲೋದಕ್ಕೆ ದೇವರನ್ನ ಯಾಕೆ ಎಳೀತೀಯ? ನಿನ್ನನ್ನೂ ಇದಕ್ಕೇ ಅಲ್ವಾ ತಂಡದಿಂದ ತೆಗೆದಿದ್ದು?"

ಅಪ್ಪ ಲೋಟಗಳನ್ನು ಒಳಗೆ ಒಯ್ದು ತೊಳೆದಿಟ್ಟ. ಆಮೇಲೆ ಆಟದ ಮಾತನ್ನೇ ಎತ್ತಲಿಲ್ಲ.

*

"ಇದೂ ಅವರ ಜೊತೆಗೇ ಹೋಗ್ಲಿ." ಅಮ್ಮ ಮಂಚದ ಕೆಳಗಿಂದ ಹಳೆಯ ಆಟದ ಬೂಟು ತಂದಳು.

"ಗೂಟಕ್ಕೆ ಬೂಟು ಯಾಕೆ ಅತ್ತಿಗೆ?" ಎಡಚ ಮಾವ ನಗಲು ಹೋಗಿ ಕಣ್ಣೊರೆಸಿಕೊಂಡ.

ಅಮ್ಮ ಬೂಟನ್ನು ಮಗುಚಿ ಅವನ ಮುಖದ ಮುಂದೆ ಹಿಡಿದಳು. "ನೋಡು. ಇಷ್ಟು ವರ್ಷ ಗೂಟ ಗೂಟ ಅಂದ್ರಲ್ಲ."

ಮಗಳು ಕುರ್ಚಿ ಬಿಟ್ಟು ಬಂದಳು. ಬೆರಳಿನ ಕಡೆ ಅಡಿಯಲ್ಲಿ ನೆಲ ಕಚ್ಚುವ ಸ್ಟಡ್ ಗುಬುಟುಗಳು ಸವೆದು ಅಟ್ಟೆಗೆ ಸಮವಾಗಿದ್ದವು. ಹಿಮ್ಮಡಿಯವು ಹೆಚ್ಚುಕಡಿಮೆ ಹೊಸವೇ ಎನ್ನುವಂತಿದ್ದವು.

"ಇಡೀ ಆಟ ತುದಿಗಾಲಲ್ಲೇ," ಎಂದಳು ಅಮ್ಮ. "ಮನೆಗೆ ಬಂದ್ರೆ ಮೀನಖಂಡ ಕಲ್ಲು. ಎಣ್ಣೆ ತಿಕ್ಕಿದವಳು ನಾನು."

"ನಾನು ಚೆಂಡು ನೋಡ್ತಿದ್ದೆ ಅತ್ತಿಗೆ," ಎಡಚ ಮಾವನ ದನಿ ಇಳಿಯಿತು. "ಅವನ ಕಾಲು ನೋಡಲೇ ಇಲ್ಲ."

ಮಗಳು ಒಳಗೆ ಹೋದಳು. ಬಟ್ಟೆ ಸರಿಸಿ, ಅಪ್ಪನ ಹಿಮ್ಮಡಿಗಳ ಕೆಳಗೆ ಅಂಗೈ ಇಟ್ಟು, ಹೊತ್ತೊಯ್ಯುವವರು ಬರುವವರೆಗೆ ಕೂತಳು.

ಬೂಟನ್ನು ಕಾಲಬಳಿ ಇಟ್ಟು ಮಣ್ಣು ಮಾಡಿ ಬಂದರು. ಮಗಳು ಮತ್ತೆ ಕುರ್ಚಿಗೆ ಕೈಹಾಕಿದಳು.

"ಮೈದಾನಕ್ಕೆ ಹೋಗು," ಎಂದಳು ಅಮ್ಮ. "ಇಲ್ಲಿ ಕುರ್ಚಿ ಎಳೆದು ನನ್ನ ತಲೆ ತಿನ್ಬೇಡ."

*

ಸಂಜೆಯ ಫೈನಲ್‌ಗೆ ಮಗಳು ಮುಂದಿನ ಸಾಲಲ್ಲಿ ಬೇಕರಿಯವರ ಹುಡುಗಿಯನ್ನೇ ಇಳಿಸಿದ್ದಳು. ಎದುರಾಳಿಗಳು ನುಗ್ಗಿ ಬರುತ್ತಿದ್ದರು. "ಬೇಕರಿಯವಳನ್ನ ಹಿಂದಕ್ಕೆ ಕರೀರಿ ಅಕ್ಕಾ!" ಸಹಾಯಕಿ ಕೂಗಿದಳು.

ಮಗಳ ಬಾಯಿ ತೆರೆಯಿತು. ದೂರದಲ್ಲಿ, ಎದುರಾಳಿಗಳ ಕೊನೆಯ ಕಾವಲಿನವಳ ಪಕ್ಕದಲ್ಲಿ ಆ ಹುಡುಗಿ ಅಲ್ಲಾಡದೆ ನಿಂತಿದ್ದಳು. ಅವಳ ಹಿಮ್ಮಡಿಗಳು ನೆಲದಿಂದ ಒಂದು ಬೆರಳು ಮೇಲಿದ್ದವು.

ಮಗಳು ಬಾಯಿ ಮುಚ್ಚಿದಳು. ಬೆಳಗಿನಿಂದ ಒಂದೆಡೆ ನಿಲ್ಲದವಳು ಗೆರೆಯ ಹೊರಗೆ ನಿಂತೇ ಇದ್ದಳು. ಅವಳ ಹಿಮ್ಮಡಿಗಳು ಮೇಲೆದ್ದು, ಚಪ್ಪಲಿಗಳ ಹಿಂಭಾಗ ಮಾತ್ರ ನೆಲದ ಮೇಲೆ ಉಳಿದಿತ್ತು.