ಏಳು ಮೂರು, ಕೊನೆಗೊಂದು ಒಂದು

1
ಹೇಗೆ ಶುರು ಮಾಡಲಿ? ಸಂಖ್ಯೆಯಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ವನಜಾಕ್ಷಿಯಿಂದಲೇ ಮಾಡುತ್ತೇನೆ. ಮೊಳಕಾಲ್ಮೂರಿನ ಮನೆಯಲ್ಲಿ ರೇಷ್ಮೆ ಸೀರೆ ನೇಯುವ ಐವತ್ತೆರಡರ ಹೆಂಗಸು, ಓದಿದ್ದು ಎಸ್ಸೆಸ್ಸೆಲ್ಸಿ. ಅವಳ ಗಣಿತದ ಸುಲೋಚನಮ್ಮ ಟೀಚರ್ ಒಮ್ಮೆ ಬೋರ್ಡಿನ ಮೇಲೆ 31, 331, 3331 ಎಂದು ಬರೆದರು. ಇವೆಲ್ಲ ಅವಿಭಾಜ್ಯ, ಒಂದು ಮತ್ತು ತಾನು ಬಿಟ್ಟರೆ ಬೇರಾವುದರಿಂದಲೂ ಭಾಗವಾಗುವುದಿಲ್ಲ, ಮುಂದೆ ಎಷ್ಟು ಮೂರು ಸೇರಿಸಿದರೂ ಹೀಗೇ ಎಂದರು.

2
(ಇಲ್ಲಿ ಮಗ್ಗವನ್ನು ಗಣಿತಕ್ಕೆ ಹೋಲಿಸಿ ಒಂದು ಪ್ಯಾರಾ ಬರೆದಿದ್ದೆ. ನೇಯುವಾಗ ಲೆಕ್ಕ ಮಾಡಿದರೆ ಎಳೆ ತಪ್ಪುತ್ತದೆ, ಮಗ್ಗದಿಂದ ಎದ್ದ ಮೇಲೆಯೇ ಅದೆಲ್ಲ ಎಂದು ಅವಳು ನಕ್ಕಳು. ಪ್ಯಾರಾ ಹರಿದು ಹಾಕಿದೆ.)

ಒಂದೊಂದೇ ಮೂರು ಸೇರಿಸಿ ಭಾಗಿಸಿ ನೋಡುತ್ತ, ಹೋದ ಯುಗಾದಿಗೆ ಅವಳು 33333331ಕ್ಕೆ ಬಂದಿದ್ದಳು. ಅದು ಅವಿಭಾಜ್ಯವೆಂದು ಖಾತ್ರಿಯಾಗಲು 5773ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಏಳುನೂರಕ್ಕೂ ಹೆಚ್ಚು ಭಾಗಾಕಾರ, ಎಲ್ಲವೂ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ. ಮೊಬೈಲಿನಲ್ಲಿ ನೋಡಬಹುದಲ್ಲ ಎಂದೆ.

“ಮೊಬೈಲು ಹೇಳ್ತೈತೆ ಸಾರ್. ನಂಗೆ ಗೊತ್ತಾಗಬೇಕಲ್ಲ.”

ದಸರಾ ಹೊತ್ತಿಗೆ ಮುಗಿಯಿತು. ಪ್ರತಿ ಸಲವೂ ಏನಾದರೊಂದು ಶೇಷ ಉಳಿದಿತ್ತು. ಅಷ್ಟು ದೊಡ್ಡ ಸಂಖ್ಯೆ ಯಾರ ಪಾಲಿಗೂ ಸಮನಾಗಿ ಬರದೆ ಇಡಿಯಾಗಿಯೇ ನಿಂತಿತ್ತು. ಅವಳು ಕೇಸರಿಬಾತ್ ಮಾಡಿದಳು. ಕಾರಣ ಕೇಳಿದ ಗಂಡ ಗಾದ್ರಪ್ಪ, ಉತ್ತರ ಕೇಳಿ, ಇನ್ನೊಂದು ಸೌಟು ಹಾಕಿಸಿಕೊಂಡ.

3
ಮರುದಿನ ಇನ್ನೊಂದು ಮೂರು ಸೇರಿಸಿದಳು: 333333331. ಹದಿನೇಳರಿಂದ ಭಾಗಿಸಿದಾಗ ಶೇಷ ಸೊನ್ನೆ. ಮತ್ತೆರಡು ಸಲ ಮಾಡಿದಳು. ಸೊನ್ನೆಯೇ.

ನಾನು ಕತೆಗಾರ. ವನಜಾಕ್ಷಿಯ ವಯಸ್ಸು, ಊರು, ಗಂಡ ಯಾವುದನ್ನು ಬೇಕಾದರೂ ಬದಲಾಯಿಸಬಲ್ಲೆ. ಹದಿನೇಳನ್ನು ಏನೂ ಮಾಡಲಾಗಲಿಲ್ಲ.

ಟೀಚರ್ ಈಗ ಚಳ್ಳಕೆರೆಯಲ್ಲಿದ್ದಾರೆ. ಹಾರ್ಟ್ ಆಪರೇಷನ್ ಆಗಿ ಎರಡು ತಿಂಗಳು. ಪ್ರತಿ ಭಾನುವಾರ ಫೋನಿನಲ್ಲಿ, ತಮ್ಮ ಮೂರುಗಳು ಎಲ್ಲಿಗೆ ಬಂದವು ಎಂದು ಕೇಳುತ್ತಾರೆ.

4
ಮೊದಲ ಅಂತ್ಯ: ಎಲ್ಲ ಸರಿಯಿದೆ ಟೀಚರ್ ಎಂದು ವನಜಾಕ್ಷಿ ಹೇಳುತ್ತಾಳೆ. (ನನಗೆ ಇದು ಬಹಳ ಹಿಡಿಸಿತ್ತು.) ಅವಳಿಗೇ ತೋರಿಸಿದೆ. ಓದಿ ನೋಡಿ ಹಾಳೆ ವಾಪಸು ಕೊಟ್ಟಳು.

“ಚೆನ್ನಾಗೈತೆ. ಆದ್ರೆ ಲೆಕ್ಕ ಕಲಿಸಿದೋರಿಗೇ ಸುಳ್ಳು ಲೆಕ್ಕ ಹೇಳಕ್ಕಾಗಲ್ಲ ಸಾರ್.”

ಎರಡನೆಯ ಅಂತ್ಯದಲ್ಲಿ ಟೀಚರ್ ಅಳುತ್ತಾರೆ. ಅದನ್ನು ಅವಳು ಪೂರ್ತಿ ಓದಲೇ ಇಲ್ಲ. ಚಳ್ಳಕೆರೆ ಬಸ್ಸು ಹತ್ತಿದಳು. ನಡುದಾರಿಯ ತಳಕಿನಲ್ಲಿ ಬಸ್ಸು ನಿಂತಾಗ ಇಳಿದು ವಾಪಸು ಹೋಗಿಬಿಡೋಣ ಎನ್ನಿಸಿತಂತೆ. ಹದಿನೇಳರ ಲೆಕ್ಕದ ಹಾಳೆಯನ್ನು ಗಟ್ಟಿಯಾಗಿ ಹಿಡಿದು ಕೂತೇ ಇದ್ದಳಂತೆ.

5
ಟೀಚರ್ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ನೋಡಿದರು. ಸೊನ್ನೆಯ ಹತ್ತಿರ ಬೆರಳು ಬಹಳ ಹೊತ್ತು ನಿಂತಿತು.

“ಅಷ್ಟು ವರ್ಷ ಮಕ್ಕಳಿಗೆ ತಪ್ಪು ಹೇಳಿದ್ನಲ್ಲೇ, ವನಜಾ.”

“ನೀವು ಹೇಳಿದ್ದಕ್ಕೇ ನಾನು ಕೂತು ಭಾಗಿಸಿದ್ದು, ಟೀಚರ್.”

ಟೀಚರ್ ಪೆನ್ನು ಕೇಳಿ, ಇನ್ನೂ ಒಂದು ಮೂರು ಸೇರಿಸಿ ಬರೆದರು. ಏಳರಿಂದ ಭಾಗಿಸಿದರು. ಆರು ಉಳಿಯಿತು.

ಇಲ್ಲಿಗೆ ನಿಲ್ಲಿಸೋಣ ಎಂದುಕೊಂಡೆ. ಆದರೆ ಈ ಸಾಲಿನ ಅವಿಭಾಜ್ಯಗಳು ಕೊನೆಯಿಲ್ಲದಷ್ಟು ಇವೆಯೋ, ಎಲ್ಲೋ ಮುಗಿದುಬಿಡುತ್ತವೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲವಂತೆ. ನಾನು ಯಾವ ಧೈರ್ಯದಲ್ಲಿ ಮುಗಿಸಲಿ?

“ಹನ್ನೊಂದು ನೀನು ಮಾಡು, ಹದಿಮೂರು ನಾನು ಮಾಡ್ತೀನಿ,” ಎಂದು ಟೀಚರ್ ಖಾಲಿ ಹಾಳೆಯೊಂದನ್ನು ಅರ್ಧ ಹರಿದು ಅವಳಿಗೆ ಕೊಟ್ಟರು.